ನಾಲ್ಕು ಬೆರಳು ಲೇಸು

ಶಾಂಭವಿ ಲೇಸಿನ ಕೊನೆಯ ಗಂಟು ಹಾಕಿ ದಾರ ಕಡಿಯುವಷ್ಟರಲ್ಲಿ ಅತ್ತೆ ಶೇಷಮ್ಮ ಬಾಗಿಲು ದೂಡಿಕೊಂಡು ಒಳಗೆ ಬಂದಳು. ಮಹದೇವಪುರದ ಆ ಬಾಡಿಗೆ ಕೋಣೆಯಲ್ಲಿ ಕೂಸಿಗೆಂದು ಹೊಲಿದ ಅಂಗೈಯಗಲದ ದಿಂಬನ್ನು ಅಡಗಿಸಲೂ ಮೂಲೆಯಿಲ್ಲ. ಶಾಂಭವಿ ಅದನ್ನು ಸೆರಗಿನಡಿ ತಳ್ಳಿದಳು. ಏಳು ತಿಂಗಳ ಹೊಟ್ಟೆಯ ಮೇಲೆ ಸೆರಗು ಸಾಲಲಿಲ್ಲ. ಶಿವಾಜಿನಗರದಿಂದ ತಂದ ಹಳದಿ ಲೇಸಿನ ಉಣ್ಣೆಗುಂಡುಗಳು ಹೊರಗೆ ಇಣುಕುತ್ತಿದ್ದವು.

ಕೂಸು ಹುಟ್ಟುವ ಮೊದಲು ಅದಕ್ಕೆಂದು ಏನನ್ನೂ ಹೊಲಿಯಬಾರದು ಎಂಬುದು ಅತ್ತೆಯ ಮನೆಯ ಕಟ್ಟಳೆ. ಹೋದ ವರ್ಷ ಶಾಂಭವಿ ಒಂದು ಅಂಗಿ ಹೊಲಿದಿದ್ದಳು. ಕೂಸು ಉಳಿಯಲಿಲ್ಲ. ಯಾರೂ ಅವಳಿಗೆ ಏನೂ ಅನ್ನಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚುತ್ತಿತ್ತು. ಈ ಸಲ ಸುಮ್ಮನಿರಬೇಕೆಂದೇ ಇದ್ದಳು. ಆದರೆ ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿಯ ಹಾಗೆ ಹೊಲಿಯುತ್ತಾ ಕೂತಾಗ ಮಾತ್ರ ಅವಳ ಎದೆಬಡಿತ ಹದಕ್ಕೆ ಬರುತ್ತಿತ್ತು.

"ಕೊಡಿಲ್ಲಿ," ಎಂದಳು ಶೇಷಮ್ಮ.

"ತಪ್ಪಾತ್ರಿ ಅತ್ತಿ."

ಶೇಷಮ್ಮ ದಿಂಬನ್ನು ಕೈಗೆ ತೆಗೆದುಕೊಂಡಳು. ದಿಂಬಿನ ಅಂಚನ್ನು ಬೆರಳಿನಿಂದ ಸವರಿ, ಸೂಜಿಯ ಮೊನೆಯಿಂದ ಹೊಲಿಗೆ ಬಿಚ್ಚತೊಡಗಿದಳು. ಒಂದು ಗುಂಡು, ಎರಡು, ಮೂರು. ಶಾಂಭವಿಯ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ನಾಲ್ಕು ಬೆರಳಗಲ ಬಿಚ್ಚಿದ ಮೇಲೆ ಅತ್ತೆ ನಿಲ್ಲಿಸಿದಳು. ಲೇಸು ಜೋತಾಡುತ್ತಿತ್ತು.

"ಪೂರಾ ಮುಗಿಸಬ್ಯಾಡವ್ವ. ಇಷ್ಟನ್ನ ಕೂಸು ಬಂದಮ್ಯಾಲ ಹಚ್ಚು."

ಆಮೇಲೆ ತನ್ನ ಟ್ರಂಕಿನ ತಳದಿಂದ ಹೊಸ ಬಟ್ಟೆಯಲ್ಲಿ ತಾನೇ ಹೊಲಿದ ಪುಟ್ಟ ಕುಲಾಯಿಯೊಂದನ್ನು ತೆಗೆದು ದಿಂಬಿನ ಪಕ್ಕ ಇಟ್ಟಳು. ಗಲ್ಲದಡಿ ಕಟ್ಟುವ ದಾರ ಅದಕ್ಕೆ ಒಂದೇ ಕಡೆ ಇತ್ತು.