ನಮ್ಮ ಬಿಸಿಲು ತಗೋರಿ

ಧಾರವಾಡದ ಪ್ರಯೋಗಾಲಯಗಳಿಗೆ ಆಯಾ ಹೊತ್ತಿನ ಬಿಸಿಲೇ ಕರೆಂಟು. ಮೋಡ ಕವಿದರೆ, ಯಂತ್ರ ನಿಲ್ಲಿಸಬಲ್ಲವರು ನಿಲ್ಲಿಸಿ, ನಿಲ್ಲಿಸಲಾಗದವರಿಗೆ "ನಮ್ಮ ಬಿಸಿಲು ತಗೋರಿ" ಎನ್ನುವುದು ರೂಢಿ.

ಆ ದಿನ ಮೋಡ ಸರಿಯಲೇ ಇಲ್ಲ. ಬಿಸಿಲು ಕೊಟ್ಟವರೆಲ್ಲ ಮಬ್ಬು ಕೋಣೆಗಳಲ್ಲಿ ತೂಕಡಿಸುತ್ತಿದ್ದರು. ನೀಲಾಂಬಿಕಾಳ ಗಾಜಿನ ತಟ್ಟೆಯಲ್ಲಿ, ಒಂದು ಮಗುವಿಗಾಗಿ ಬೆಳೆಸಿದ ಹೃದಯದ ಚೂರು ಬಡಿಯುತ್ತಿತ್ತು. ಕರೆಂಟು ಸಾಲದೆ ತಟ್ಟೆ ತಣ್ಣಗಾದಂತೆ ಬಡಿತ ನಿಧಾನವಾಯಿತು. ಅವಳ ತಟ್ಟೆ ಬಿಟ್ಟರೆ ಇನ್ನೂ ನಡೆಯುತ್ತಿದ್ದದ್ದು ಎದುರು ಕೋಣೆಯ ಹಂಚಿನಾಳ ಸರ್ ಅವರ ಫ್ರೀಜರ್ ಒಂದೇ. ಅದರೊಳಗೆ ಹಿಮಾಲಯದಿಂದ ತಂದ, ಸಾವಿರ ವರ್ಷ ಹಳೆಯ ಹಿಮ. ಅದನ್ನು ನಿಲ್ಲಿಸಿ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ತಟ್ಟೆ ಬೆಚ್ಚಗಾಯಿತು. ಬಡಿತ ಮತ್ತೆ ಚುರುಕಾಯಿತು.

ಸಂಜೆ ಹಂಚಿನಾಳ ಸರ್ ಎರಡು ಲೋಟ ಹಿಡಿದು ಬಂದರು.

"ಎಲ್ಲಾ ಕರಗೇತ್ರಿ. ಚಹಾ ಮಾಡೂಣಂದ್ರ ಬಿಸಿಲಿಲ್ಲ. ಹಂಗ ಕುಡೀರಿ."