ಎಡಗಡೆಯ ಚೀಲ

ಹಿತ್ತಲಲ್ಲಿ ಮಾಂಸಕ್ಕೆ ಹೊಗೆ ಹಾಕುವ ಡ್ರಮ್ಮಿನ ಬೂದಿ ಎಳೆಯುವಾಗ ಸಿಕ್ಕ ಅರೆಸುಟ್ಟ ತುಂಡಿನ ತುದಿ ಹಸಿರಾಗಿತ್ತು. ಬಡಗಿ ಅದನ್ನು ಬೆಳಕಿಗೆ ಹಿಡಿದು ನೋಡಿದ. ಅದು ಗೆದ್ದಲು ಹಿಡಿಯದಂತೆ ವಿಷ ಕುಡಿಸಿದ ಮರ. ಇಂಥದ್ದನ್ನು ಒಲೆಗೆ ಹಾಕಬೇಡಿ ಎಂದು ಬೀದಿಗೆಲ್ಲ ಬುದ್ಧಿ ಹೇಳುತ್ತಿದ್ದವನೇ ಅವನು. ಶೆಡ್ಡಿನಲ್ಲಿ ಎಡಗಡೆ ಪೇರಲ ಕಟ್ಟಿಗೆಯ ಚೀಲ, ಬಲಗಡೆ ಈ ವಿಷದ ಮರದ ಚೂರುಗಳದ್ದು. ಇಪ್ಪತ್ತು ವರ್ಷದಿಂದ ನೋಡದೆಯೇ ಎಡಕ್ಕೆ ಕೈ ಹಾಕಿ ರೂಢಿ. ನಿನ್ನೆ ರಾತ್ರಿ ಹೊಗೆ ಹಾಕುವಾಗಲೂ ಹಾಗೆಯೇ ತೆಗೆದಿದ್ದ.

"ಚೀಲ ಮುಟ್ಟಿದ್ಯೇನೇ?"

"ನಿನ್ನೆ ಬೆಳಿಗ್ಗೆ ಗುಡಿಸೋವಾಗ ಆ ಕಡೇದು ಈ ಕಡೆ ಇಟ್ಟೆ. ಅದಕ್ಯಾಕೆ ಮುಖ ಹಾಗೆ ಮಾಡ್ತೀರಿ?" ಎಂದಳು ಹೆಂಡತಿ.

ಅವನು ಡ್ರಮ್ಮಿನ ಮುಚ್ಚಳ ಎತ್ತಿದ. ಮಾಂಸ ನೇತುಹಾಕಿದ್ದ ಕೊಕ್ಕೆಗಳೆಲ್ಲ ಖಾಲಿ.

ಗೋಡೆಯಾಚೆಯಿಂದ ತಮ್ಮ ನಗುತ್ತಾ ಕೂಗಿದ: "ಅಣ್ಣಾ, ಅತ್ತಿಗೆ ಕಳಿಸಿದ ಮಾಂಸ ಭಾರಿ ಚೆನ್ನಾಗಿತ್ತು! ಮಕ್ಕಳು ತಟ್ಟೆನೂ ಬಿಡದೆ ನೆಕ್ಕಿದ್ವು. ಈಗ ನೋಡು, ಹೊಟ್ಟೆ ಹಿಡ್ಕೊಂಡು ಒದ್ದಾಡ್ತಿವೆ, ಹೊಟ್ಟೆಬಾಕರು!"