ನೀಲಿ ಬಾಗಿಲ ಮುಂದೆ

ಬೀಗ ಹಿಡಿದವನ ಕೈ ಚಿಲಕಕ್ಕೆ ತಾಗುವ ಮೊದಲೇ ತುಳಜಾಬಾಯಿ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಸೆರಗನ್ನು ಟೊಂಕಕ್ಕೆ ಸಿಕ್ಕಿಸಿ, ಬೆನ್ನನ್ನು ನೀಲಿ ಬಾಗಿಲಿಗೆ ಆನಿಸಿದಳು.

“ಏಳ್ರಿ ಬಾಯಿ. ಸಾಲ ಕಟ್ಟಿಲ್ಲ, ಜಪ್ತಿ ಆದೇಶ ಬಂದದ. ಸಂಜಿ ಒಳಗ ಈ ಬಾಗಲಕ್ಕ ಬೀಗ ಬೀಳಬೇಕು,” ಎಂದ ಬ್ಯಾಂಕಿನ ಅಧಿಕಾರಿ ಸಂತೋಷಕುಮಾರ.

“ಸಾಲ ನಂದೇ. ಇಲ್ಲ ಅಂದೇನೇನು? ಆದ್ರ ಈ ಮನಿ ಅಡವಿಟ್ಟಿಲ್ಲ. ತಪ್ಪು ನಿಮ್ಮದು.”

ಆಳಂದದ ಆ ಓಣಿಗೆ ಅವಳ ಸಾಲದ ಕಥೆ ಬಾಯಿಪಾಠ. ಬಸ್ ನಿಲ್ದಾಣದ ಹತ್ತಿರ ಖಾನಾವಳಿ ಹಾಕಲು ತೆಗೆದ ಸಾಲ. ಅವಳ ಜೋಳದ ರೊಟ್ಟಿಗೆ ತೊಗರಿ ವ್ಯಾಪಾರಿಗಳು ಕಾದು ನಿಲ್ಲುತ್ತಿದ್ದರು. ಆಮೇಲೆ ರಸ್ತೆ ಅಗಲವಾಯಿತು, ಖಾನಾವಳಿ ಅದರಡಿ ಹೋಯಿತು. ಕಂತು ಮಾತ್ರ ಹೋಗಲಿಲ್ಲ.

ಸಂತೋಷಕುಮಾರ ಕಡತದಿಂದ ಫೋಟೋ ಎಳೆದ. ಇದೇ ನೀಲಿ ಬಾಗಿಲು. ಮುಂದೆ ಕೈಕಟ್ಟಿ ನಿಂತ ತುಳಜಾಬಾಯಿ.

“ಇವ್ರು ಯಾರ್ರೀ?”

“ನಾನೇ. ಮನಿ ನೋಡಾಕ ಬಂದ ನಿಮ್ಮ ಮನುಷ್ಯಾನೇ ಇಲ್ಲಿ ನಿಲ್ಲಿಸಿದ. ಬಾಗಲ ಚಂದ ಅದ, ಬೆಳಕು ಛಲೋ ಬೀಳ್ತದ ಅಂದ.”

ಪಕ್ಕದ ಮನೆಯ ಜೀನತ ನೀರಿನ ಚಂಬು ತಂದು ತುಳಜಾಬಾಯಿಯ ಕೈಗಿತ್ತಳು. “ಖರೇ ಅದ ಸಾಹೇಬ್ರ. ಈ ಓಣ್ಯಾಗ ಯಾರ ಫೋಟೋ ಆದ್ರೂ ಇದೇ ಬಾಗಲ ಮುಂದ. ನಮ್ಮ ಮಗಳು ಫರಹೀನಂದು ಹುಡುಗನ ಕಡಿಗೆ ಕಳಿಸಿದ ಫೋಟೋನೂ ಇಲ್ಲೇ ತೆಗೆದದ್ದು. ಹಂಗಂತ ನಿಕಾ ಬಾಗಲದ ಜೋಡಿ ಮಾಡಬೇಕೇನು?”

ಬೀಗ ಹಿಡಿದವ ನಕ್ಕ. ಅಧಿಕಾರಿ ನಗಲಿಲ್ಲ.

“ಬಾಗಲ ತೆಗೀರಿ. ಒಳಗ ಅಳತಿ ಮಾಡ್ತೇವಿ.”

“ಕೀಲಿ ನನ್ನ ಹತ್ರ ಇಲ್ಲ.”

“ಪೊಲೀಸರನ್ನ ಕರಸ್ತೇನಿ.”

“ಕರಸ್ರಿ. ಅವ್ರಿಗೂ ಓದಾಕ ಬರ್ತದ. ಅಡವಿನ ಪತ್ರದಾಗ ಮನಿಯ ಯಾವ ದಿಕ್ಕಿಗೆ ಏನದ ಅಂತ ಬರದಿರ್ತೀರಲ್ಲ, ಅದನ್ನ ಜೋರಾಗಿ ಓದಿಸ್ರಿ. ಓಣಿ ಕೇಳಲಿ.”

ಅವನು ಓದಲಿಲ್ಲ. ಶಾಖೆಗೆ ಫೋನ್ ಮಾಡಿದ, ಬೇವಿನ ನೆರಳಿಗೆ ಹೋಗಿ ನಿಂತ, ಮತ್ತೆ ಬಂದ. ಈ ಸಲ ದನಿ ಮೆತ್ತಗಿತ್ತು.

“ನೋಡ್ರಿ ಬಾಯಿ, ಸುಮ್ನ ಎದ್ದು ಹೋದ್ರ ನಿಮಗೇ ಛಲೋ. ಮನಿ ಹರಾಜಾಗ್ತದ, ಸಾಲ ಹರೀತದ. ಮುಂದ ನಿಮ್ಮನ್ನ ಯಾರೂ ಕೇಳಂಗಿಲ್ಲ.”

“ಆ ಸುಲಭದ ಹಾದಿ ನನಗೂ ಗೊತ್ತದ,” ಎಂದಳು ತುಳಜಾಬಾಯಿ. “ಏಳಂಗಿಲ್ಲ.”

ಹೊತ್ತು ಇಳಿಯಿತು. ಬಿಸಿಲು ಈಗ ನೇರ ಅವಳ ಮುಖಕ್ಕೆ ಹೊಡೆಯುತ್ತಿತ್ತು. ಕಣ್ಣು ಕಿರಿದಾದವೇ ಹೊರತು ಬೆನ್ನು ಬಾಗಿಲು ಬಿಡಲಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು. ಬೇರೆ ದಾರಿ ಕಾಣದೆ ಸಂತೋಷಕುಮಾರ ಪತ್ರ ಬಿಚ್ಚಿದ.

“ಪೂರ್ವಕ್ಕೆ ರಸ್ತೆ…”

ಅಲ್ಲಿಗೇ ನಿಂತ. ಅವಳ ಮುಖದ ಮೇಲಿನ ಬಿಸಿಲನ್ನು ನೋಡಿದ, ತಿರುಗಿ ಮುಳುಗುವ ಸೂರ್ಯನನ್ನು ನೋಡಿದ. ಈ ಮನೆಗೆ ರಸ್ತೆ ಪಶ್ಚಿಮಕ್ಕಿತ್ತು.

“ತಪ್ಪಾಗ್ಯದ,” ಎಂದ, ಬಾಯೊಳಗೇ.

“ಬರದು ಕೊಡ್ರಿ. ಈ ಮನಿ ಮ್ಯಾಲ ಬ್ಯಾಂಕಿನ ಹಕ್ಕು ಏನೂ ಇಲ್ಲ ಅಂತ. ಸಹಿ, ಸಿಕ್ಕಾ, ಎರಡೂ ಬೀಳಬೇಕು. ಬಡವ್ರು ತಪ್ಪಿದ್ರ ಊರಿಗೆಲ್ಲ ಡಂಗುರ ಹೊಡಸ್ತೀರಿ, ನೀವು ತಪ್ಪಿದ್ರ ಗುಸುಗುಸು ಯಾಕ?”

ಅವನು ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟು ಬರೆದ. ಜೀನತ ಅದನ್ನು ಎಲ್ಲರಿಗೂ ಕೇಳುವಂತೆ ಓದಿದಳು. ತುಳಜಾಬಾಯಿ ಕಾಗದವನ್ನು ಮಡಚಿ ನೀಲಿ ಬಾಗಿಲ ಸಂದಿಯಿಂದ ಒಳಗೆ ಜಾರಿಸಿದಳು.

“ಭುವನೇಶ್ವರಿ ಕೂಸು ಎತ್ಕೊಂಡು ತವರಿಂದ ಬಂದಾಗ ಹೇಳು ಜೀನತ, ಅವಳ ಮನಿಗೆ ಏನೂ ಆಗಿಲ್ಲ ಅಂತ,” ಎಂದು ಎದ್ದು ಸೀರೆ ಕೊಡವಿಕೊಂಡು, ಓಣಿ ದಾಟಿ ಎದುರು ಮನೆಯ ಕದವನ್ನು ಪೂರ್ತಿ ತೆರೆದು ನಿಂತಳು: “ಈಗ ಬರ್ರಿ ಸಾಹೇಬ್ರ, ನಾ ಅಡವಿಟ್ಟ ಮನಿ ಇದು.”